ಕುದೂರಿಗೆ ಕಾಣದ ಗೊಂಬೆ

ಕುದೂರು,
16 ಜನವರಿ 2025

ರಾಧಾಮಣಿ,

ನಿನ್ನ ಹೊಸ ಗೊಂಬೆಯನ್ನು ನನ್ನ ನಾದಿನಿ ಶ್ವೇತ ನೋಡಿದ್ದಾಳೆ. ನಾನು ನೋಡಿಲ್ಲ. ಈ ಸುದ್ದಿ ತಿಳಿಸಿದವಳು ಶ್ವೇತಳೇ. ಸಂಕ್ರಾಂತಿಗೆ ಕನಕಪುರದಿಂದ ತವರಿಗೆ ಬಂದಿದ್ದಳು. ಎಳ್ಳು ಬೀರಲು ಹೊರಟವಳು ನಮ್ಮ ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಳು.

"ಅತ್ಗೆ, ರಾಧಕ್ಕನ ಹೊಸ ಗೊಂಬೆ ನೋಡಿದ್ರಾ? ಮೈಯೆಲ್ಲ ಅರಗಿನ ಹೊಳಪು ಕಣತ್ಗೆ. ಒಳಗೆ ಬಂದು ನಿಂತ್ಕಂಡ್ರೆ ಎಲ್ರೂ ತಿರುಗಿ ತಿರುಗಿ ನೋಡ್ತಾರೆ."

"ನೋಡಿದೀನಿ," ಅಂದೆ.

"ಹಂಗಾದ್ರೆ ಆ ರವಿಕೆ ಬಗ್ಗೆ ಏನಂತೀರ? ನೀವು ಟೈಲರ್ ಅಲ್ವಾ?"

ಗಿರಾಕಿ ಬಂದರು ಅಂತ ಹೇಳಿ ಒಳಗೆ ಹೋದೆ. ಯಾವ ಗಿರಾಕಿಯೂ ಬಂದಿರಲಿಲ್ಲ.

ಹೆಡ್‌ಸೆಟ್ ಹಾಕಿಕೊಂಡು ಆ ಕಂಪ್ಯೂಟರ್ ಲೋಕದೊಳಗೆ ಹೋದಾಗ ನನಗೆ ಕಾಣುವುದು ಬೂದು ಬಣ್ಣದ ಒಂದು ಆಕಾರ. ಅದಕ್ಕೆ ಮುಖವಿಲ್ಲ, ಬಟ್ಟೆಯಿಲ್ಲ. ನಿನ್ನ ಧ್ವನಿ ಮಾತ್ರ ಅದರೊಳಗಿಂದ ಬರುತ್ತದೆ. ಇದೇಕೆ ಹೀಗೆ ಎಂದು ನವೆಂಬರಿನಲ್ಲಿ ಕೇಳಿದ್ದೆ. "ನಿಮ್ಮೂರಿನ ನೆಟ್ ನಿಧಾನ, ಹೊಸ ಗೊಂಬೆ ಲೋಡ್ ಆಗ್ತಿಲ್ಲ" ಅಂತ ನೀನು ಅಂದೆ. ನಾನು ನಂಬಿದೆ. ಅಂಗಡಿಯ ನೆಟ್ ಬಿಟ್ಟು ಮನೆಗೆ ಬೇರೆ ನೆಟ್ ಹಾಕಿಸಿದೆ. ಆ ನೆಟ್ಟಿನ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದೆ, ಅಲ್ಲಿಂದ ಇಳಿಸಿ ಕಿಟಕಿಯ ಹತ್ತಿರ ಇಡಿಸಿದೆ. ಅತ್ತೆ ಶಿವಲಿಂಗಮ್ಮನವರು ನೋಡಿ ನೋಡಿ ಸಾಕಾಗಿ ಕೇಳಿಯೇ ಬಿಟ್ಟರು: "ತಲೆಗೆ ಡಬ್ಬ ಕಟ್ಕಂಡು ಬರೀ ಗೋಡೆ ಜೊತೆ ಮಾತಾಡ್ತೀಯಲ್ಲವ್ವ, ಅದ್ರಾಗೆ ಏನೈತೆ?" ಒಳಗೆ ಬೇರೆ ಬೇರೆ ಊರಿನವರು ಸೇರುತ್ತಾರೆ, ನಮ್ಮ ಬದಲು ನಮ್ಮ ಗೊಂಬೆ ಅಲ್ಲಿ ಓಡಾಡುತ್ತದೆ, ಅದಕ್ಕೆ ಇಂಗ್ಲಿಷಿನವರು ಅವತಾರ್ ಅನ್ನುತ್ತಾರೆ ಎಂದು ವಿವರಿಸಿದೆ. "ನಿನ್ ಗೆಣೆಕಾತಿ ಗೊಂಬೆ ತೋರ್ಸು" ಅಂದರು. ಬೂದು ಆಕಾರ ತೋರಿಸಿದೆ. "ಇದೇನವ್ವ, ಬಟ್ಟೆ ಅಂಗಡಿ ಮುಂದೆ ನಿಲ್ಸಿರ್ತಾರಲ್ಲ, ಹಂಗೈತೆ" ಅಂದರು.

ಸಂಜೆ ಶ್ವೇತಳ ಹತ್ತಿರ ನಿಜ ಒಪ್ಪಿಕೊಂಡು ಬೂದು ಆಕಾರದ ವಿಷಯ ಹೇಳಿದೆ. ಅವಳು ಹೇಳುತ್ತಾಳೆ, ಇದು ನೆಟ್ ಸಮಸ್ಯೆಯೇ ಅಲ್ಲವಂತೆ. ತನ್ನ ಗೊಂಬೆ ಯಾರಿಗೆ ಕಾಣಬೇಕು ಎಂದು ಆರಿಸಿಕೊಳ್ಳಲು ಜಾಗವಿದೆಯಂತೆ. ಎಲ್ಲರಿಗೂ ಬೇಕಾದರೆ ಎಲ್ಲರಿಗೂ, ಬೇಕಾದವರಿಗಷ್ಟೇ ಅಂದರೆ ಅವರಿಗಷ್ಟೇ. ಉಳಿದವರಿಗೆ ಬೂದು ಆಕಾರ.

ರಾಮನಗರದ ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೆ ಜಗಳವಾದರೆ ಮಾತು ಬಿಟ್ಟು ಚೀಟಿ ಬರೆದು ದಿಂಬಿನ ಕೆಳಗೆ ಇಡುತ್ತಿದ್ದೆವು. ಚೀಟಿ ಬರೆದವಳಿಗೆ ಇನ್ನೊಬ್ಬಳು ಚೀಟಿಯಲ್ಲೇ ಉತ್ತರ ಕೊಡಬೇಕಿತ್ತು. ಈಗ ದಿಂಬು ಚನ್ನಪಟ್ಟಣದಲ್ಲಿದೆ, ಅದಕ್ಕೇ ಅಂಚೆ. ಕೇಳುವುದು ಇಷ್ಟೇ: ನನಗೆ ಕಾಣದ ಹಾಗೆ ಮಾಡಿದ್ದು ನೀನೇನಾ? ಹೌದು ಅಥವಾ ಇಲ್ಲ ಅಂತ ಬರೆ.

ಪ್ರತಿಮಾ

*

ಚನ್ನಪಟ್ಟಣ,
27 ಜನವರಿ 2025

ಪ್ರತಿಮಾ,

ಹೌದು.

ನೆಟ್ ಅಂತ ಹೇಳಿದ್ದು ತಪ್ಪು. ನೀನು ಬೇರೆ ನೆಟ್ ಹಾಕಿಸಿದ್ದು ನನಗೆ ಗೊತ್ತಿರಲಿಲ್ಲ.

ಗೊಂಬೆ ಇನ್ನೂ ಮುಗಿದಿಲ್ಲ. ಕೆಲವು ಕಡೆ ಕೈ ಆಡಿಸುವುದು ಬಾಕಿಯಿದೆ. ಮುಗಿದ ಮೇಲೆ ತೋರಿಸುತ್ತೇನೆ. ಶ್ವೇತಳಿಗೆ ಕಂಡದ್ದರಲ್ಲಿ ವಿಶೇಷವೇನೂ ಇಲ್ಲ. ಪ್ರತಿ ಶುಕ್ರವಾರ ಸಂಜೆ ಆ ಲೋಕದೊಳಗೆ ಒಂದು ಸಭೆ ಮಾಡುತ್ತೇನೆ. ಅಪ್ಪನ ಲೇತಿನಲ್ಲಿ ಹಾಲೆ ಮರದ ತುಂಡು ಹೇಗೆ ಆನೆಯಾಗುತ್ತದೆ, ಅರಗು ಹೇಗೆ ಹಿಡಿಯುತ್ತದೆ ಎಂದು ತೋರಿಸುವುದು. ಬೇರೆ ಬೇರೆ ದೇಶದವರು ಬರುತ್ತಾರೆ. ಶ್ವೇತಳೂ ಬಂದಳು. ನೀನೇ ಅವಳನ್ನು ನನಗೆ ಪರಿಚಯ ಮಾಡಿಸಿದ್ದು.

ಇಲ್ಲಿ ಬೇರೆ ಸುದ್ದಿ ಏನೂ ಇಲ್ಲ. ರಾಮನಗರದ ಆಫೀಸಿನಲ್ಲಿ ಕೆಲಸ ಜಾಸ್ತಿ. ಒಂದು ಆಟಕ್ಕೆ ಬೇಕಾದ ಮರ, ಬಂಡೆ, ಗಾಡಿಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇವೆ. ನಿನ್ನೆ ಭಾನುವಾರ ಅಪ್ಪನ ಕೈಲಿ ಬೈಸಿಕೊಂಡೆ. ಮೈಸೂರು ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನವರೊಬ್ಬರು ಮನೆಗೇ ಬಂದಿದ್ದರು. ನಾನು ಮಾರುವ ಕುದುರೆಗಳ ಪಕ್ಕದಲ್ಲೇ ಮಾದರಿ ಕುದುರೆಯನ್ನೂ ಇಟ್ಟುಬಿಟ್ಟಿದ್ದೆ. ಮಾದರಿ ಎಂದರೆ ಅಪ್ಪ ಕಣ್ಣ ಮುಂದೆ ಇಟ್ಟುಕೊಂಡು ಅದರಂತೆ ಉಳಿದವನ್ನು ಕಡೆಯುವುದು, ನೀನು ನೋಡಿದ್ದೀಯ. ಆತ ಎಲ್ಲವನ್ನೂ ಎತ್ತಿ ನೋಡಿ, ಕೊನೆಗೆ ಮಾದರಿಯನ್ನೇ ಕೊಡಿ ಅಂದ. ಅಪ್ಪ ಕೊಡಲಿಲ್ಲ. ಬೇರೆ ಯಾವುದೂ ಬೇಡವೆಂದು ಹೊರಟೇಹೋದ. ಆಮೇಲೆ ಅಪ್ಪ ಬೈದರು:

"ಮಾದರೀನ ಮಾಲಿನ ಪಕ್ಕ ಮಡಗ್ಬ್ಯಾಡ ಅಂತ ಎಷ್ಟು ದಪ ಹೇಳಿವ್ನಿ ನಿಂಗೆ? ಅದ್ರ ಪಕ್ಕ ಯಾವ್ದು ನಿಂತ್ರೂ ಸೊಟ್ಟಗೇ ಕಾಣೋದು. ಅದು ಒಳಗಿರ್ಬೇಕು, ಇದು ಹೊರಗಿರ್ಬೇಕು. ಬೈರಪ್ಪನ ಮಗಳಾಗಿ ಇಷ್ಟೂ ತಿಳೀದಾ?"

ಅತ್ತೆಯವರಿಗೆ ನಮಸ್ಕಾರ ತಿಳಿಸು.

ರಾಧಾಮಣಿ

*

ಕುದೂರು,
5 ಫೆಬ್ರವರಿ 2025

ರಾಧಾಮಣಿ,

ಶುಕ್ರವಾರದ ಸಭೆಯಲ್ಲಿ ಕೂತವರೆಲ್ಲರಿಗೂ ನಿನ್ನ ಗೊಂಬೆ ಕಾಣುತ್ತದೆ. ಇದನ್ನು ಫೋನಿನಲ್ಲಿ ಹೇಳಿದವಳೂ ಶ್ವೇತ. ಜಪಾನಿನವನೊಬ್ಬನಿಗೂ ಕಾಣುತ್ತದಂತೆ. ಯಾವ ಊರೆಂದು ಹೇಳದೆ ಬೆಕ್ಕಿನ ಗೊಂಬೆಯಾಗಿ ಬಂದು ಕೂರುವ ಒಬ್ಬಳಿದ್ದಾಳಂತೆ, ಅವಳಿಗೂ ಕಾಣುತ್ತದಂತೆ. ಹಾಗಾದರೆ ಆ ಗೊಂಬೆ ಬೆಕ್ಕಿಗೆ ಮುಗಿದಿದೆ, ನನಗೆ ಮುಗಿದಿಲ್ಲ.

ನನಗೆ ಒಂದೊಂದು ಸಲ ಹೀಗೂ ಅನಿಸುತ್ತದೆ: ನಾನು ಮೊದಲಿನಿಂದಲೂ ಇದ್ದೇನೆ, ಅದಕ್ಕೇ ನನ್ನನ್ನು ಹೊರಗಿಡುವುದು ಸುಲಭ. ಶ್ವೇತ ನಿನ್ನನ್ನು ಇವತ್ತಿನವರೆಗೂ ಎದುರಿಗೆ ನೋಡಿಲ್ಲ. ನೀನು ಜ್ವರ ಬಂದು ಮಲಗಿದ್ದಾಗ ಗಂಜಿ ಕುಡಿಸಿದವಳು ಅವಳಲ್ಲ. ಆದರೆ "ರಾಧಕ್ಕ ಹಿಂಗಂದ್ರು, ರಾಧಕ್ಕ ಹಂಗ್ ನಗ್ತಾರೆ" ಅಂತ ನನಗೇ ಹೇಳಿಕೊಡುತ್ತಾಳೆ. ನೀನು ಕೈ ಸೊಂಟದ ಮೇಲಿಟ್ಟುಕೊಂಡು ಮಾತಾಡುತ್ತೀಯಂತೆ. ಹಾಸ್ಟೆಲಿನಲ್ಲಿ ಐದು ಜನ ಕೂತಿದ್ದರೆ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದವಳು ನೀನು. ಅದು ಯಾವ ರಾಧಕ್ಕ ಅಂತ ನನಗೆ ತಿಳಿಯಲಿಲ್ಲ. ತಿಳಿದವಳ ಹಾಗೆ ಹೂಂಗುಟ್ಟಿದೆ. ಒಂದು ಫೋಟೋ ತೆಗೆದು ಕಳಿಸು ಅಂದೆ. "ರಾಧಕ್ಕನ್ನ ಕೇಳ್ದೆ ಹೆಂಗ್ ಕಳ್ಸಾದು ಅತ್ಗೆ?" ಅಂದಳು. ಅವಳಿಗೆ ನಿನ್ನ ಮರ್ಯಾದೆ ಕಾಯುವ ಅಧಿಕಾರವೂ ಬಂದಿದೆ.

ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ: ಇವತ್ತಿನಿಂದ ನನ್ನ ಗೊಂಬೆಯೂ ನಿನಗೆ ಕಾಣುವುದಿಲ್ಲ. ಶ್ವೇತಳಿಂದ ಕೇಳಿ ಕಲಿತು ನಾನೇ ಹಾಗೆ ಮಾಡಿದ್ದೇನೆ. ನನ್ನದು ಅವರು ಪುಕ್ಕಟೆ ಕೊಡುವ ರೆಡಿಮೇಡ್ ಗೊಂಬೆ, ಅಂಥದ್ದು ಅಲ್ಲಿ ಸಾವಿರ ಓಡಾಡುತ್ತವೆ. ಆದರೂ ನಿನಗೆ ಕಾಣುವುದಿಲ್ಲ.

ಇನ್ನೊಂದು. ದಸರಾದಲ್ಲಿ ನೀನು ಬಂದಾಗ ನನ್ನ ಅಳತೆ ರವಿಕೆ ತೆಗೆದುಕೊಂಡು ಹೋಗಿದ್ದೆ. "ನಿಂಗೆ ಕನಕಪುರದ ರೇಷ್ಮೆ ತರ್ತೀನಿ, ಎಷ್ಟು ಬಟ್ಟೆ ಬೇಕು ನೋಡ್ಬೇಕು" ಅಂದೆ. ಒಂದು ಮೀಟರ್ ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು, ಆದರೂ ಕೇಳಿದೆಯಲ್ಲ ಅಂತ ಕೊಟ್ಟೆ. ರೇಷ್ಮೆಯೂ ಬರಲಿಲ್ಲ, ರವಿಕೆಯೂ ಬರಲಿಲ್ಲ. ಮದುವೆಗೆ ಅತ್ತೆ ಹೊಲಿದ ರವಿಕೆ ಅದು. ಅದರ ಮೇಲೆ ಇಟ್ಟೇ ನನ್ನ ರವಿಕೆಗಳನ್ನೆಲ್ಲ ಕತ್ತರಿಸುತ್ತೇನೆ. ಊರವರಿಗೆಲ್ಲ ಟೇಪು ಹಿಡಿಯುವವಳಿಗೆ ತನ್ನ ಬೆನ್ನಿಗೆ ತಾನೇ ಟೇಪು ಹಿಡಿಯಲಾಗುವುದಿಲ್ಲ. ವಾಪಸ್ ಕಳಿಸು.

ಪ್ರತಿಮಾ

*

ಕುದೂರು,
3 ಮಾರ್ಚ್ 2025

ರಾಧಾಮಣಿ,

ರವಿಕೆ ಬಂದಿಲ್ಲ. ಕಾಗದವೂ ಬಂದಿಲ್ಲ. ದಿಂಬಿನ ಕೆಳಗಿಟ್ಟ ಚೀಟಿಗೆ ಉತ್ತರ ಬರೆಯದೆ ಇದ್ದದ್ದು ಇದೇ ಮೊದಲು.

ಶಿವರಾತ್ರಿಗೆ ಶ್ವೇತಳ ಮನೆಗೆ ಹೋಗಿ ಶನಿವಾರ ವಾಪಸ್ ಬಂದೆ. ಅವರ ಮನೆಯಲ್ಲಿ ರೇಷ್ಮೆ ಹುಳುವಿನ ಕೆಲಸ ಜೋರಾಗಿತ್ತು. ನಿನ್ನ ಗೊಂಬೆಯ ವಿಷಯ ಶ್ವೇತ ವಿವರವಾಗಿ ಹೇಳಿದಳು. ಈಗ ನನಗೆ ಅದನ್ನು ನೋಡಬೇಕೆಂಬ ಆಸೆಯಿಲ್ಲ. ಕೇಳಿದಷ್ಟರಿಂದಲೇ ಒಂದೆರಡು ಮಾತು ಹೇಳಬಹುದು ಅನಿಸಿತು. ಹೊಲಿಗೆಯವಳ ಮಾತು ಅಂದುಕೋ.

ಮೈಯ ಬಣ್ಣ ಚೆನ್ನಾಗಿದೆಯಂತೆ. ಹಳದಿಯ ಮೇಲೆ ಕೆಂಪು ಅರಗಿನ ಅಂಚು, ಒಳಗೆ ಮರದ ಗೆರೆ ಕಾಣುತ್ತದಂತೆ. ಅದು ನಿಮ್ಮಪ್ಪನ ಕೈ, ಒಪ್ಪಿದೆ. ಮುಖ ಗೊಂಬೆಯ ಮುಖ, ಯಾರದೂ ಅಲ್ಲ. ಆದರೆ ಆ ನಿಲುವು ಯಾರದು? ಅಷ್ಟು ನೆಟ್ಟಗಿನ ಬೆನ್ನು ನಿನಗೆ ಎಂದೂ ಇರಲಿಲ್ಲ. ಅಗಲ ಹೆಗಲು, ಉದ್ದ ಕತ್ತು, ತೋಳಿಗೆ ಕಚ್ಚಿ ಕೂತ ರವಿಕೆ. ಯಾವುದೋ ಜಾಹೀರಾತಿನವಳ ಮೈ ತಂದು ಹಾಕಿಕೊಂಡ ಹಾಗಿದೆಯಂತೆ. ಎಲ್ಲರೂ ತಿರುಗಿ ನೋಡುತ್ತಾರೆ ಅಂದಳಲ್ಲ, ನೋಡದೆ ಇನ್ನೇನು?

ಒಂದು ತಪ್ಪೂ ಇದೆ. ಎಡಭುಜ ಬಲಭುಜಕ್ಕಿಂತ ಅರ್ಧ ಬೆರಳು ತಗ್ಗು. ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ. ಇಷ್ಟೆಲ್ಲ ಕಲಿತು ಎರಡು ಭುಜ ಸಮ ಮಾಡಲಾಗಲಿಲ್ಲವೇ? ನನ್ನ ಅಂಗಡಿಗೆ ಅಂಥ ಮೈ ಬಂದರೆ ನಾನು ಹೊಲಿಗೆಯಲ್ಲೇ ಮುಚ್ಚುತ್ತೇನೆ.

ನೀನು ಸಭೆಯಲ್ಲಿ ಮಾತಾಡುವುದು ಬಹಳ ಚೆನ್ನಾಗಿರುತ್ತದೆ ಅಂದಳು. ಸಂತೋಷ.

ರವಿಕೆ ಕಳಿಸು. ಯುಗಾದಿ ಹತ್ತಿರ ಬಂತು.

ಪ್ರತಿಮಾ

*

ಚನ್ನಪಟ್ಟಣ,
15 ಮಾರ್ಚ್ 2025

ಪ್ರತಿಮಾ,

ಫೆಬ್ರವರಿ 28ರ ಶುಕ್ರವಾರ ಶ್ವೇತಳ ಗೊಂಬೆಯೊಳಗೆ ಇದ್ದವಳು ನೀನು.

ಅಂದು ಮಧ್ಯಾಹ್ನವೇ ಶ್ವೇತ ನನಗೆ ಫೋನು ಮಾಡಿ, "ಹುಳ ಹಣ್ಣಾಗವೆ ರಾಧಕ್ಕ, ಇವತ್ತೇ ಚಂದ್ರಿಕೆಗೆ ಬಿಡ್ಬೇಕು, ಸಭೆಗೆ ಬರಾಕಾಗಲ್ಲ" ಎಂದಿದ್ದಳು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವ ಹುಳುವನ್ನು ಬಿಟ್ಟು ಯಾರೂ ಏಳುವುದಿಲ್ಲ. ಆದರೂ ಏಳು ಗಂಟೆಗೆ ಅವಳ ಗೊಂಬೆ ಬಂತು. ಯಾರು ಮಾತಾಡಿಸಿದರೂ ಬಾಯಿ ಬಿಡಲಿಲ್ಲ. ಶ್ವೇತ ಅಷ್ಟು ಹೊತ್ತು ಸುಮ್ಮನಿರುವವಳಲ್ಲ. ಆಮೇಲೆ ಅದು ನನ್ನನ್ನು ಒಂದು ಸುತ್ತು ಹಾಕಿ ಬೆನ್ನ ಹಿಂದೆ ನಿಂತಿತು. ಹೆಬ್ಬೆರಳು, ತೋರುಬೆರಳು ಅಗಲಿಸಿ ನನ್ನ ಹೆಗಲಿನಿಂದ ಹೆಗಲಿಗೆ ಅಳತೆ ಹಿಡಿಯಿತು. ಹಾಗೆ ನೋಡುವವಳು ಒಬ್ಬಳೇ. ನಾನು ಮಾತು ನಿಲ್ಲಿಸಲಿಲ್ಲ. ಆನೆಯ ಸೊಂಡಿಲಿಗೆ ಅರಗು ಹಿಡಿಸುವುದನ್ನು ಎರಡು ಸಲ ಹೇಳಿದೆನಂತೆ, ಬೆಕ್ಕು ನೆನಪಿಸಿತು.

ಸಭೆ ಮುಗಿಯುವ ತನಕ ನೀನು ಅಲ್ಲೇ ನಿಂತಿದ್ದೆ. ಇವಳಿಗೆ ಈಗ ಗೊತ್ತಾಯಿತು, ಇನ್ನು ಬೈದು ಬರೆಯುತ್ತಾಳೆ ಅಂದುಕೊಂಡು ಕಾದೆ. ನಿನ್ನ ಕಾಗದ ಬಂತು. ಓದಿದೆ. ನಿನಗೆ ಗೊತ್ತಾಗಿಯೇ ಇರಲಿಲ್ಲ.

ಅದು ಜಾಹೀರಾತಿನವಳ ಮೈಯಲ್ಲ ಪ್ರತಿಮಾ. ನಿನ್ನದು.

ನಿನ್ನ ಅಳತೆ ರವಿಕೆಯನ್ನು ಮೇಜಿನ ಮೇಲೆ ಹಾಸಿ ಹೆಗಲು, ಬೆನ್ನು, ತೋಳು ಎಲ್ಲ ಅಳೆದೆ. ಹಾಸ್ಟೆಲಿನ ವಾರ್ಷಿಕೋತ್ಸವದ ಫೋಟೋದಿಂದ ಕತ್ತು ಮತ್ತು ನಿಲುವು ತೆಗೆದೆ. ರವಿಕೆಯಲ್ಲಿ ಎಡಭುಜದ ಹೊಲಿಗೆಯನ್ನು ಒಳಕ್ಕೆ ಹೆಚ್ಚು ಹಿಡಿದಿದ್ದಾರೆ. ಯಾಕೆ ಅಂತ ಫೋಟೋ ನೋಡಿದ ಮೇಲೆ ತಿಳಿಯಿತು. ಅದನ್ನೂ ಹಾಗೇ ಇಟ್ಟೆ. ಮಾದರಿಯಲ್ಲಿ ಇದ್ದದ್ದನ್ನು ತಿದ್ದಬಾರದು ಅಂತ ಅಪ್ಪ ಹೇಳುತ್ತಾರೆ. ನೀನು ಹುಡುಕಿದ ತಪ್ಪು ನಿನ್ನದೇ ಭುಜ.

ಆ ಫೋಟೋ ನಿನ್ನ ಹತ್ತಿರವೂ ಇದೆ, ನೋಡು. ನಿನ್ನ ಪಕ್ಕ ನಿಂತ ಫೋಟೋಗಳಲ್ಲೆಲ್ಲ ನಾನು ಕೂತ ಹಾಗೆ ಕಾಣುತ್ತೇನೆ. ಮನೆಗೆ ಬಂದವರು, "ಈ ಎತ್ತರದ ಹುಡುಗಿ ಯಾರು?" ಅಂತ ಕೇಳುತ್ತಾರೆ. ನೀನು ಸೊಂಟದ ಮೇಲೆ ಕೈಯಿಟ್ಟು ವಾರ್ಡನ್ ಹತ್ತಿರ ಮಾತಾಡುವಾಗ ನಿನ್ನ ಹಿಂದೆ ನಿಂತು ನೋಡುತ್ತಿದ್ದೆ. ಅದು ಬರೀ ಮೆಚ್ಚುಗೆಯಲ್ಲ. ಇವಳಿಗೆ ಇದೆಲ್ಲ ಏನೂ ಕಷ್ಟಪಡದೆ ಸಿಕ್ಕಿದೆಯಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ನೀನು ಊಟಕ್ಕೆ ಕರೆದರೂ ಉರಿಯುತ್ತಿತ್ತು.

ಒಳಗೆ ಮೊದಲು ನನ್ನಂತೆಯೇ ಒಂದು ಗೊಂಬೆ ಮಾಡಿಕೊಂಡೆ, ಗೂನು ಬೆನ್ನಿನದೇ. ಸಭೆ ಕರೆದ ದಿನ ಬಾಯಿ ಬರಲಿಲ್ಲ. ನಿನ್ನ ಮೈ ಹಾಕಿಕೊಂಡ ಮೇಲೆ ಬಂತು. ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಬೆಕ್ಕಿಗಾಗಲಿ ಶ್ವೇತಳಿಗಾಗಲಿ ಅದು ರಾಧಾಮಣಿಯೇ. ನನ್ನನ್ನು ಎದುರಿಗೆ ಕಂಡಿಲ್ಲದವರಿಗೆ ಯಾವ ಅನುಮಾನ? ನೀನು ಬಂದು ಎದುರಿಗೆ ನಿಂತರೆ ಮಾತ್ರ ಅದು ಕದ್ದ ಮಾಲು. ಅಪ್ಪ ಹೇಳಿದ ಕುದುರೆಯ ಮಾತು ಬರೆದಿದ್ದೆನಲ್ಲ, ಅದಕ್ಕಿಂತ ಹೆಚ್ಚು ಬರೆಯಲು ಆವತ್ತು ಧೈರ್ಯ ಬರಲಿಲ್ಲ.

ರವಿಕೆ ನನ್ನ ಹತ್ತಿರ ಭದ್ರವಾಗಿದೆ. ಅಂಚೆಯಲ್ಲಿ ಕಳಿಸಲು ಮನಸ್ಸು ಬರುತ್ತಿಲ್ಲ. ಆ ಗೊಂಬೆ ತೆಗೆದುಹಾಕು ಅಂತ ನೀನು ಹೇಳಿದರೆ ತೆಗೆಯುತ್ತೇನೆ. ನಿನ್ನ ಉತ್ತರ ಬರುವ ತನಕ ಶುಕ್ರವಾರದ ಸಭೆ ನಿಲ್ಲಿಸಿದ್ದೇನೆ.

ರಾಧಾಮಣಿ

*

ಕುದೂರು,
24 ಮಾರ್ಚ್ 2025

ರಾಧಾ,

ನನ್ನ ಎಡಭುಜ ತಗ್ಗಿದೆ. ಇದನ್ನು ಖಚಿತ ಮಾಡಿದವರು ಅತ್ತೆ.

ನಿನ್ನ ಕಾಗದ ಬಂದ ದಿನ ಅಂಗಡಿಯ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ, ತಿಳಿಯಲಿಲ್ಲ. ಅತ್ತೆ ಗುಂಡಿ ಹೊಲಿಯುತ್ತಾ ಕೂತಿದ್ದರು. ಕೇಳಿದೆ.

"ಹೂಂ, ಒಸಿ ತಗ್ಗೈತೆ. ನಿಶ್ಚಿತಾರ್ಥಕ್ಕೆ ನಾನ್ ಬಂದಿದ್ನಲ್ಲ, ಆವತ್ತೇ ಕಂಡಿದ್ದೆ."

"ಯಾಕತ್ತೆ ಹೇಳ್ಲಿಲ್ಲ?"

"ಹೊಸ ಸೊಸೆ ತಾವ, ನಿನ್ ಭುಜ ಸೊಟ್ಟ ಅಂತ ಹೇಳ್ಲಾ? ಒಳಗೇ ಹಿಡ್ದು ಹೊಲ್ದು ಕೊಟ್ಟೆ. ನೀನು ಅದ್ರ ಮ್ಯಾಲೇ ಇಕ್ಕಿ ಇಕ್ಕಿ ಹೊಲ್ಕತಿದ್ದೆ. ಸರಿಯಾಗೇ ಕೂರ್ತಿತ್ತು. ಇನ್ನೇನ್ ಹೇಳಾದು?"

ಕನಕಪುರದಲ್ಲಿ ಶ್ವೇತಳ ಹೆಡ್‌ಸೆಟ್ ಹಾಕಿಕೊಂಡದ್ದು ನಿಜ. ಒಂದು ಕ್ಷಣ ನೋಡಿ ತೆಗೆದಿಡೋಣ ಅಂತ ಕೂತವಳು ಏಳಲಿಲ್ಲ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು. ಇಂಥ ಮೈ ನನಗಿದ್ದಿದ್ದರೆ ನಾನೂ ಹಾಗೆ ನಿಂತು ಮಾತಾಡುತ್ತಿದ್ದೆ ಅಂದುಕೊಂಡೆ. ಅದನ್ನು ನೆನೆದರೆ ಈಗ ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ನೀನು ಉರಿದುಕೊಂಡಿದ್ದನ್ನು ಓದಿ ನನಗೆ ಬೇಸರವಾಗಲಿಲ್ಲ. ಸುಳ್ಳು ಯಾಕೆ ಬರೆಯಲಿ, ಸ್ವಲ್ಪ ಹಿತವೇ ಆಯಿತು. ಆದರೆ ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಮೊದಲು ನಿನ್ನ ಮೇಲೆ, ಆಮೇಲೆ ಶ್ವೇತಳ ಮೇಲೆ ಇತ್ತು. ಈಗ ಯಾರ ಮೇಲೆ ಅಂತ ಹೇಳಲೂ ನಾಚಿಕೆ. ಯುಗಾದಿಯ ರವಿಕೆಗಳು ರಾಶಿ ಬಿದ್ದಿವೆ. ಬೆಳಗಿನಿಂದ ಮಿಷನ್ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಎತ್ತಲಾಗುತ್ತಿಲ್ಲ. ನಾನು ಇಲ್ಲಿ ಹೀಗೆ ಕೂತಿರುವಾಗ ನನ್ನ ಬೆನ್ನು ಅಲ್ಲಿ ನೆಟ್ಟಗೆ ನಿಂತು ಜಪಾನಿನವನ ಕೈಲಿ ಚಪ್ಪಾಳೆ ಹೊಡೆಸಿಕೊಳ್ಳುತ್ತದೆ. ಫೋಟೋ ತೆಗೆದು ನೋಡಿದೆ. ಆ ಎತ್ತರದ ಹುಡುಗಿಯನ್ನು ನಾನೂ ನೋಡಿ ಬಹಳ ಕಾಲವಾಯಿತು.

ಗೊಂಬೆ ತೆಗೆಯಬೇಡ. ನನಗೆ ಕಾಣುವ ಹಾಗೆ ಮಾಡು. ಬೆಕ್ಕಿಗೆ ಕಂಡರೆ ಕಾಣಲಿ. ಶ್ವೇತಳಿಗೆ ಒಂದು ತಿಂಗಳು ಬೂದು ಆಕಾರ ತೋರಿಸು. ಕೇಳಿದರೆ ಕನಕಪುರದ ನೆಟ್ ನಿಧಾನ ಅಂತ ಹೇಳು. ನನ್ನ ರೆಡಿಮೇಡ್ ಗೊಂಬೆಯನ್ನು ನಿನಗೆ ಕಾಣುವ ಹಾಗೆ ಇವತ್ತೇ ಮಾಡಿದ್ದೇನೆ.

ಆ ಹಳೆಯ ರವಿಕೆಯ ಅಳತೆ ಈಗ ನನ್ನ ಬೆನ್ನಿಗೆ ಸರಿಹೋಗುವುದಿಲ್ಲ. ಅತ್ತೆ ಹೊಸದಾಗಿ ತೆಗೆಯುತ್ತೇನೆ ಅಂದಿದ್ದಾರೆ. ನಿನ್ನದನ್ನೂ ತೆಗೆಯಲು ಹೇಳಿದ್ದೇನೆ. ನಿನಗೆ ಅಳತೆ ರವಿಕೆಯೇ ಇಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು ಪಿನ್ನು ಹಾಕಿಕೊಳ್ಳುತ್ತೀಯ. "ಬೆನ್ನು ಬಗ್ಗಿದ್ರೆ ಬಗ್ಗಿದ್ದಕ್ಕೇ ಹೊಲೀತೀನಿ, ಬರೋಕೇಳು" ಅಂದರು.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯಲ್ಲಿ ಅಳತೆ. ರಾಮನಗರದಲ್ಲಿ ಇಳಿದು ಮಾಗಡಿ ಬಸ್ಸು ಹಿಡಿ, ಅಲ್ಲಿಂದ ಕುದೂರಿಗೆ ಬೇರೆ ಬಸ್ಸು. ರವಿಕೆ ತಾ.

ಪ್ರತಿಮಾ